ಜಗ್ಗರ್ ಕ್ಲಬ್ ಚಾಂಪಿಯನ್‌ಶಿಪ್: ಐದು ಕಲ್ಲು, ಎಂಟು ಕಲ್ಲು

ಮೆತ್ತೆ ಸುತ್ತಿದ ಆಯುಧ ಹಿಡಿದು ಎರಡು ತಂಡಗಳು ಆಡುವ ಆಟ ಜಗ್ಗರ್. ಅದರ ಪಂದ್ಯವನ್ನು ಮೊದಲ ಸಲ ನೋಡುವವರ ಕಣ್ಣು ಹೋಗುವುದು ಉದ್ದುದ್ದ ಸ್ಪಂಜಿನ ಕೋಲುಗಳ ಮೇಲೆ, ಗಿರಗಿರ ತಿರುಗುವ ಸರಪಳಿಯ ಮೇಲೆ. ಆಡುವವರ ಕಿವಿ ಮಾತ್ರ ಸದಾ ಡ್ರಮ್ಮಿನ ಕಡೆ. ಒಂದೂವರೆ ಸೆಕೆಂಡಿಗೊಂದು ಪೆಟ್ಟು. ಒಂದೊಂದು ಪೆಟ್ಟಿಗೂ ಇಲ್ಲಿ ‘ಕಲ್ಲು’ ಎಂದೇ ಹೆಸರು. ಹಲವು ದೇಶಗಳ ಕ್ಲಬ್‌ಗಳು ಸೇರುವ ಚಾಂಪಿಯನ್‌ಶಿಪ್‌ನಲ್ಲಿ ಒಳ್ಳೊಳ್ಳೆಯ ತಂಡಗಳು ಮುಗ್ಗರಿಸುವುದು ಬಹುಮಟ್ಟಿಗೆ ಈ ಕಲ್ಲಿನ ಲೆಕ್ಕದಲ್ಲೇ.

ಆಟದ ಹೆಸರಿನ ಮೂಲ ಸಿನಿಮಾದಲ್ಲಿದೆ. ಡೇವಿಡ್ ವೆಬ್ ಪೀಪಲ್ಸ್ ನಿರ್ದೇಶಿಸಿ, ರಟ್ಗರ್ ಹೌಯರ್ ನಟಿಸಿದ 1989ರ ‘ದಿ ಸೆಲ್ಯೂಟ್ ಆಫ್ ದಿ ಜಗ್ಗರ್’ನಲ್ಲಿ ನಾಗರಿಕತೆ ಹಾಳಾದ ಮೇಲಿನ ಮರುಭೂಮಿ, ಅಲ್ಲಿ ನಾಯಿಯ ತಲೆಬುರುಡೆಗಾಗಿ ಎರಡು ತಂಡಗಳ ಬಡಿದಾಟ. ಗಡಿಯಾರವಿಲ್ಲದ ಲೋಕ, ಹಾಗಾಗಿ ಕಲ್ಲೆಸೆದು ಸದ್ದು ಮಾಡಿ ಹೊತ್ತು ಎಣಿಸುತ್ತಾರೆ. ಅದನ್ನು ರಕ್ತವಿಲ್ಲದ ಆಟವಾಗಿ ಬೆಳೆಸಿದವರಲ್ಲಿ 1990ರ ದಶಕದ ಜರ್ಮನರು ಮುಂದು. ಬರ್ಲಿನ್‌ನ ರಿಗರ್ ಮಾರ್ಟಿಸ್‌ನಂಥ ಹಳೆಯ ಕ್ಲಬ್‌ಗಳ ಹೆಸರು ಈ ವಲಯದಲ್ಲಿ ಎಲ್ಲರಿಗೂ ಗೊತ್ತು. ಸ್ಪೇನ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲೂ ಆಡುತ್ತಾರೆ. ಮುಂದಿನ ಅಳತೆಗಳೆಲ್ಲ ಜರ್ಮನ್ ನಿಯಮದವು.

ಮೈದಾನ 40 ಮೀಟರ್ ಉದ್ದ, 20 ಮೀಟರ್ ಅಗಲ, ನಾಲ್ಕೂ ಮೂಲೆ ಓರೆಯಾಗಿ ಕತ್ತರಿಸಿದ್ದು. ಒಂದು ತಂಡದಿಂದ ಕಣಕ್ಕಿಳಿಯುವವರು ಐವರು, ಬದಲಿಗೆ ಮೂವರು; ಹೆಣ್ಣು ಗಂಡು ಒಟ್ಟಿಗೇ ಆಡುತ್ತಾರೆ. ಐವರಲ್ಲಿ ನಾಲ್ವರ ಕೈಯಲ್ಲಿ ಪೊಂಪ್ಫೆ, ಅಂದರೆ ಮೆತ್ತೆ ಸುತ್ತಿದ ಆಯುಧ. ಐದನೆಯವರು ಬರಿಗೈ ಓಟಗಾರರು. ನಟ್ಟನಡುವೆ ಇಟ್ಟ ಸ್ಪಂಜಿನ ಬುರುಡೆಯನ್ನು ಕೈಯಲ್ಲಿ ಹಿಡಿಯುವ ಹಕ್ಕು ಓಟಗಾರರಿಗೆ ಮಾತ್ರ. ಅದನ್ನು ಎದುರಾಳಿ ತುದಿಯ ಗುರಿಯ ತೂತಿಗೆ ಸಿಕ್ಕಿಸಿದರೆ ಒಂದು ಅಂಕ, ಅಲ್ಲಿಗೆ ಆ ಸುತ್ತು ಮುಗಿಯಿತು. ಎಲ್ಲರೂ ತಂತಮ್ಮ ಗೆರೆಗೆ ವಾಪಸ್, ಮತ್ತೆ ಓಟ. ಪಂದ್ಯ 100 ಕಲ್ಲಿನ ಎರಡು ಅರ್ಧ. ಸುತ್ತು ನಡೆಯುವಾಗಷ್ಟೇ ಕಲ್ಲು ಓಡುವುದರಿಂದ ನಿಜವಾದ ಆಟ ಐದೇ ನಿಮಿಷ. ನಡುವಿನ ಬದಲಾವಣೆ, ಉಸಿರಾಟ, ವಾದ ಎಲ್ಲ ಸೇರಿ ಅದು ಎಷ್ಟೋ ಪಟ್ಟು ಹಿಗ್ಗುತ್ತದೆ. ವೇಳಾಪಟ್ಟಿ ಬರೆಯುವವರು ಐದು ನಿಮಿಷವನ್ನು ನಂಬಿ ಕೂತರೆ ಮಧ್ಯಾಹ್ನಕ್ಕೇ ದಿನ ಕೈಬಿಟ್ಟಿರುತ್ತದೆ.

ಇನ್ನು ಲೆಕ್ಕ. ಪೊಂಪ್ಫೆ ತಾಗಿದವರು ಮಂಡಿಯೂರಿ, ಒಂದು ಕೈ ಬೆನ್ನ ಹಿಂದಿಟ್ಟು ಐದು ಕಲ್ಲು ಎಣಿಸಬೇಕು. ಸರಪಳಿ ತಾಗಿದ್ದರೆ ಎಂಟು. ಐದೆಂದರೆ 7.5 ಸೆಕೆಂಡ್, ಎಂಟೆಂದರೆ 12. ಬುರುಡೆಯಿಂದ ಗುರಿಗೆ ಇರುವ ದೂರ 20 ಮೀಟರಿಗೂ ಕಡಿಮೆ. ಅಡ್ಡ ಯಾರೂ ಇಲ್ಲದಿದ್ದರೆ ಐದು ಕಲ್ಲಿನೊಳಗೆ ಓಟಗಾರರು ಅಲ್ಲಿಗೆ ಮುಟ್ಟಿ, ಬುರುಡೆ ಸಿಕ್ಕಿಸಿಯೂ ಆದೀತು. ಅಡ್ಡ ಒಬ್ಬರಿದ್ದರೂ ಕಷ್ಟ.

ಒಂದು ಸುತ್ತನ್ನು ಬಿಡಿಸಿ ನೋಡಿ. ಹತ್ತನೇ ಕಲ್ಲಿಗೆ ನಮ್ಮ ಸರಪಳಿ ಅವರ ಒಬ್ಬರನ್ನು ಕೂರಿಸಿತು. ಅವರು ಏಳುವುದು ಹದಿನೆಂಟಕ್ಕೆ. ಹದಿಮೂರಕ್ಕೆ ನಮ್ಮ ಕೋಲಿನವರು ಇನ್ನೊಬ್ಬರನ್ನು ಕೂರಿಸಿದರು. ಅವರು ಏಳುವುದೂ ಹದಿನೆಂಟಕ್ಕೇ. ಅಂದರೆ ಹದಿಮೂರರಿಂದ ಹದಿನೆಂಟರವರೆಗೆ ನಮ್ಮ ನಾಲ್ವರಿಗೆ ಎದುರು ಇಬ್ಬರೇ. ಓಟಗಾರರು ಹೊರಡಬೇಕಾದದ್ದು ಹದಿಮೂರಕ್ಕೆ. ಬುರುಡೆ ಎತ್ತಿಕೊಂಡು, ಜಾಗ ನೋಡಿ, ಹದಿನಾರಕ್ಕೆ ಹೊರಟರೆ ಎರಡು ಕಲ್ಲಿನಲ್ಲಿ ಇಬ್ಬರು ಒಟ್ಟಿಗೇ ಮೇಲೆದ್ದು ಗುರಿಯ ಮುಂದೆಯೇ ಎದುರಾಗುತ್ತಾರೆ. ಅನುಭವಿ ತಂಡಗಳಲ್ಲಿ ಓಟಗಾರರಿಗೆ ಹಿಂದಿನಿಂದ ಯಾರಾದರೂ ‘ಮೂರಿದೆ’, ‘ಎರಡಿದೆ’ ಎಂದು ಕೂಗುತ್ತಲೇ ಇರುತ್ತಾರೆ. ಆ ಕೂಗು ಇಲ್ಲದ ತಂಡ ಎಷ್ಟೇ ಚುರುಕಾಗಿ ಹೊಡೆದರೂ ಅಂಕ ಗಳಿಸಲು ಒದ್ದಾಡುತ್ತದೆ.

ಕಾಗದದ ಮೇಲೆ 7.5 ಸೆಕೆಂಡ್ ಸರಿ. ಆದರೆ ಏಟು ಬೀಳುವುದು ಎರಡು ಪೆಟ್ಟುಗಳ ನಡುವೆ. ಕೂತ ಮೇಲೆ ಕೇಳಿದ ಮೊದಲ ಪೆಟ್ಟನ್ನೇ ಒಂದು ಎಂದು ಹಿಡಿದು ಐದನೆಯದಕ್ಕೆ ಎದ್ದರೆ ಕಾಯುವುದು ಆರರಿಂದ ಏಳೂವರೆ ಸೆಕೆಂಡ್. ಕೂರುವ ಮೊದಲೇ ಬಿದ್ದ ಪೆಟ್ಟನ್ನೂ ಸೇರಿಸಿಕೊಂಡರೆ ಇನ್ನೂ ಒಂದು ಕಲ್ಲು ಉಳಿತಾಯ. ಒಂದೇ ಕ್ಲಬ್ಬಿನೊಳಗೆ ಎಲ್ಲರದೂ ಒಂದೇ ಅಭ್ಯಾಸ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ದೇಶದವರು ಎದುರಾದಾಗ ‘ಬೇಗ ಎದ್ದರು’ ಎಂಬ ದೂರು ಶುರು. ಇಬ್ಬರೂ ಪ್ರಾಮಾಣಿಕರೇ. ಮೊದಲ ಪಂದ್ಯಕ್ಕೂ ಮುಂಚೆ ನಾಯಕರನ್ನೆಲ್ಲ ಕರೆದು, ಡ್ರಮ್ ಬಾರಿಸಿ, ಒಬ್ಬರನ್ನು ಕೂರಿಸಿ ಎಬ್ಬಿಸಿ ತೋರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಹತ್ತು ಪುಟದ ನಿಯಮ ಹಂಚುವುದಕ್ಕಿಂತ ಇದು ಮೇಲು.

ಕೂತವರ ಮೈಗೆ ಪೊಂಪ್ಫೆ ತಾಗಿಸಿ ಹಿಡಿದಿಟ್ಟರೆ ಅವರ ಎಣಿಕೆ ಮುಗಿದರೂ ಏಳುವಂತಿಲ್ಲ. ಇದು ಪಿನ್. ಸರಪಳಿಗೆ ಈ ಅವಕಾಶವಿಲ್ಲ. ಎಂಟು ಕಲ್ಲಿನ ಲಾಭಕ್ಕೆ ಅದು ತೆರುವ ಬೆಲೆ. ಹೊಸಬರಿಗೆ ಪಿನ್ ಎಂದರೆ ಗೆದ್ದ ಹಾಗೆ. ಹಿಡಿದಿಟ್ಟವರು ತಾವೂ ಸಿಕ್ಕಿಬಿದ್ದಿರುತ್ತಾರೆ ಎಂಬುದು ಆಮೇಲೆ ತಿಳಿಯುತ್ತದೆ: ಆಯುಧ ಕೆಳಗೆ, ಬೆನ್ನು ಖಾಲಿ, ಏಟು ತಡೆಯಲು ಎತ್ತಿದರೆ ಕೂತವರು ಎದ್ದರು. ಹತ್ತಿರದಲ್ಲಿ ಕಾವಲಿಗೆ ನಮ್ಮವರೊಬ್ಬರಿದ್ದರೆ ಮಾತ್ರ ಪಿನ್ ಲಾಭದ್ದು.

ಆಯುಧಗಳಲ್ಲಿ ಮುಖ್ಯವಾದವು ಐದು ಬಗೆ. ಕ್ಯೂ-ಟಿಪ್, ಅಂದರೆ ಎರಡೂ ತುದಿಯಿಂದ ಹೊಡೆಯುವ ಪೊಂಪ್ಫೆ, ಗರಿಷ್ಠ 2 ಮೀಟರ್; ಕೋಲು 1.80, ಉದ್ದ ಪೊಂಪ್ಫೆ 1.40, ಗಿಡ್ಡ ಪೊಂಪ್ಫೆ 85 ಸೆಂಟಿಮೀಟರ್, ಜೊತೆಗೆ 60 ಸೆಂಟಿಮೀಟರ್ ಅಡ್ಡಳತೆಯ ಗುರಾಣಿ, ಸರಪಳಿ 3.20 ಮೀಟರ್, ತುದಿಯಲ್ಲಿ ಮೆತ್ತನೆಯ ಚೆಂಡು. ಕಣದಲ್ಲಿ ತಂಡಕ್ಕೊಂದೇ ಸರಪಳಿ. ಮೊದಲ ಮೂರನ್ನು ಎರಡೂ ಕೈಯಲ್ಲಿ ಹಿಡಿದು ಹೊಡೆದರಷ್ಟೇ ಏಟು ಲೆಕ್ಕಕ್ಕೆ. ಸುಸ್ತಾದಾಗ ಒಂದು ಕೈ ಜಾರುವುದು ಸಹಜ, ಕೊನೆಯ ಪಂದ್ಯಗಳಲ್ಲಿ ಕೂಗಾಟ ಹೆಚ್ಚುವುದೂ ಅದಕ್ಕೇ.

ಆಯುಧ ತಪಾಸಣೆಗೆ ಎಷ್ಟು ಹೊತ್ತು ಕೊಟ್ಟರೂ ಸಾಲದು. ಉದ್ದ ಅಳೆಯುವುದು ಸುಲಭದ ಕೆಲಸ. ಗಾಯ ಮಾಡುವುದು ತುದಿ. ಒಳಗಿನ ತಿರುಳು ಸಾಮಾನ್ಯವಾಗಿ ಗ್ಲಾಸ್ ಫೈಬರ್ ಕೊಳವೆ, ಮೇಲೆ ಪೈಪಿಗೆ ಹೊದಿಸುವ ಫೋಮ್, ಅದರ ಮೇಲೆ ಬಟ್ಟೆ ಅಥವಾ ಟೇಪ್. ಕೊಳವೆಯ ಬಾಯಿಯನ್ನು ಹಾಗೇ ಬಿಟ್ಟರೆ, ಪ್ರತಿ ತಿವಿತಕ್ಕೂ ಅದು ಬಿಸ್ಕೆಟ್ ಅಚ್ಚಿನಂತೆ ಫೋಮನ್ನು ಒಳಗಿಂದ ಕೊರೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಹೆಬ್ಬೆರಳಿನಿಂದ ತುದಿಯನ್ನು ನೇರವಾಗಿ ಜೋರಾಗಿ ಒತ್ತಿ. ಗಟ್ಟಿ ಉಂಗುರ ಕೈಗೆ ಸಿಕ್ಕಿದರೆ ಆ ಪೊಂಪ್ಫೆ ಹೊರಗೆ. ಕೊಳವೆಯ ಬಾಯಿಗೆ ಅಗಲವಾದ ರಬ್ಬರ್ ಮುಚ್ಚಳ ಹಾಕಿ, ಅಂಟಿಸಿ, ಮೇಲೆ ದಪ್ಪ ಮೃದು ಫೋಮ್ ಕೂರಿಸಿದರೆ ಈ ತೊಂದರೆ ಬರುವುದಿಲ್ಲ.

ಆಮೇಲೆ ಏಟು ಹೆಚ್ಚು ಬೀಳುವ ಮುಂಭಾಗವನ್ನು ಬೆರಳಿಂದ ಹಿಸುಕುತ್ತ ಹೋಗಿ. ಹಳೆಯ ಫೋಮ್ ಒಂದೇ ಬದಿಯಲ್ಲಿ ತೆಳುವಾಗಿರುತ್ತದೆ, ಏಕೆಂದರೆ ಆಟಗಾರರು ಸದಾ ಒಂದೇ ರೀತಿ ಹಿಡಿಯುತ್ತಾರೆ. ತೇಪೆಗೆಂದು ಟೇಪಿನ ಮೇಲೆ ಟೇಪ್ ಸುತ್ತಿದ್ದನ್ನು ನಂಬಬೇಡಿ: ಟೇಪ್ ಬಿಗಿದಷ್ಟೂ ಫೋಮ್ ಕುಗ್ಗುವ ಗುಣ ಕಳೆದುಕೊಳ್ಳುತ್ತದೆ, ಚಳಿಯಲ್ಲಂತೂ ಗಟ್ಟಿ ಸಿಪ್ಪೆಯಾಗುತ್ತದೆ. ಮಳೆ ಬಂದರೆ ಹರಿದ ಬಟ್ಟೆಯ ಮೂಲಕ ನೀರು ಒಳಗೆ ಸೇರಿ ತುದಿ ಭಾರವಾಗುತ್ತದೆ. ಬೆಳಿಗ್ಗೆ ಪಾಸಾದದ್ದು ಸಂಜೆಗೆ ಪಾಸಾಗದಿರಬಹುದು. ಊಟದ ನಂತರ ಇನ್ನೊಮ್ಮೆ ನೋಡುವುದು ಒಳ್ಳೆಯದು. ಪರೀಕ್ಷಿಸುವವರು ಅನುಮಾನ ಬಂದ ಆಯುಧದಿಂದ ತಮ್ಮ ತೊಡೆಗೇ ಒಂದು ಏಟು ಹಾಕಿಸಿಕೊಂಡರೆ ಆಮೇಲೆ ಯಾವ ತಂಡವೂ ವಾದಕ್ಕೆ ಬರುವುದಿಲ್ಲ.

ವಿಮಾನದಲ್ಲಿ ಬರುವ ಕ್ಲಬ್‌ಗಳ ಗೋಳು ಬೇರೆ. 2 ಮೀಟರಿನ ಕ್ಯೂ-ಟಿಪ್ಪನ್ನು ಲಗೇಜಿಗೆ ಹಾಕುವುದು ತಲೆನೋವು, ಹಾಗಾಗಿ ಎರಡು ತುಂಡಾಗಿ ಮಾಡಿ ಒಳತೋಳಿನಿಂದ, ಅಂದರೆ ಎರಡೂ ತುಂಡಿನೊಳಗೆ ಕೂರುವ ಸಣ್ಣ ಕೊಳವೆಯಿಂದ, ಜೋಡಿಸುತ್ತಾರೆ. ಒಳತೋಳು ಗಿಡ್ಡವಾಗಿದ್ದರೆ ಜೋಡಣೆ ಆಡಲು ಶುರುವಾಗುತ್ತದೆ, ಕೊಳವೆ ಸೀಳುವುದು ಅಲ್ಲೇ. ಎರಡೂ ಕಡೆ ಗೇಣುದ್ದವಾದರೂ ಒಳಗೆ ಹೋಗಿರಲಿ. ಎರಡು ತುದಿ ಹಿಡಿದು ಅಲುಗಿಸಿದಾಗ ಟಕ್ ಎಂಬ ಸದ್ದು ಬಂದರೆ ಕಣಕ್ಕೆ ಬೇಡ. ಸರಪಳಿಯಲ್ಲಿ ನೋಡಬೇಕಾದದ್ದು ಚೆಂಡು ಸೇರುವ ಕೊಂಡಿ: ಚೆಂಡಿನೊಳಗೆ ಗಟ್ಟಿ ಗಂಟು ಇರಬಾರದು, ಕೊಂಡಿಗಳಲ್ಲಿ ಬೆರಳು ಸಿಕ್ಕಿಕೊಳ್ಳಬಾರದು, ಬಿರುಕು ಬಿಟ್ಟ ಕೊಂಡಿಯನ್ನು ಟೇಪಿನಲ್ಲಿ ಮುಚ್ಚಿರಬಾರದು.

ತೀರ್ಪುಗಾರರಾಗಿ ನಿಲ್ಲುವವರು ಹೆಚ್ಚಾಗಿ ಬಿಡುವಿನಲ್ಲಿರುವ ತಂಡಗಳವರೇ. ಏಟು ತಿಂದವರು ತಾವೇ ಒಪ್ಪಿಕೊಂಡು ಕೂರಬೇಕು ಎಂಬ ನಂಬಿಕೆಯ ಮೇಲೆ ಆಟ ನಿಂತಿದೆ. ಒಬ್ಬರಿಗೊಬ್ಬರು ಏಕಕಾಲಕ್ಕೆ ಹೊಡೆದರೆ ಇಬ್ಬರೂ ಕೂರುತ್ತಾರೆ. ಯಾರು ಮೊದಲು ಎಂಬುದು ಬಗೆಹರಿಯದಿದ್ದರೆ ಅದನ್ನೂ ಹಾಗೇ ಹಿಡಿದರೆ ಆಟ ನಿಲ್ಲುವುದಿಲ್ಲ. ಭಾಷೆ ಬೇರೆಯಾದಾಗ ಬಾಯಿಗಿಂತ ಕೈ ವಾಸಿ: ಹೊಡೆದ ಜಾಗವನ್ನು ತಮ್ಮ ಮೈಮೇಲೆ ಮುಟ್ಟಿ ತೋರಿಸಿ, ಐದೋ ಎಂಟೋ ಬೆರಳು ಎತ್ತುವುದು.

ತಂಡಗಳನ್ನು ಎದುರುಬದುರು ಮಾಡಲು ಸ್ವಿಸ್ ಪದ್ಧತಿ ರೂಢಿಯಲ್ಲಿದೆ: ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು. ಡ್ರಾ ಇಲ್ಲದೆ ನಡೆದರೆ 16 ತಂಡಗಳಿಗೆ ಪಂದ್ಯಾವಳಿಯ ನಾಲ್ಕು ಸುತ್ತು, 32ಕ್ಕೆ ಐದು ಸುತ್ತು ಮುಗಿಯುವಷ್ಟರಲ್ಲಿ ಸೋಲದ ತಂಡ ಒಂದೇ ಉಳಿಯುತ್ತದೆ. ಯಾರೂ ಬೇಗ ಮನೆಗೆ ಹೋಗಬೇಕಿಲ್ಲ, ದೂರದಿಂದ ಬಂದವರಿಗೆ ಅದೇ ಮುಖ್ಯ. ತೊಂದರೆ ಮೊದಲ ಸುತ್ತಿನದು. ಪರಸ್ಪರ ಆಡಿಯೇ ಇಲ್ಲದ ಕ್ಲಬ್‌ಗಳನ್ನು ಚೀಟಿ ಎತ್ತಿ ಜೋಡಿಸಿದರೆ ಬಲಿಷ್ಠ ತಂಡಕ್ಕೆ ಹೊಸ ತಂಡ ಸಿಕ್ಕು ಅಂಕದ ಅಂತರ ಬೆಟ್ಟವಾಗುತ್ತದೆ. ಸಮ ಬಂದಾಗ ಆ ಅಂತರವನ್ನೇ ನೋಡುವುದಾದರೆ ಅದೃಷ್ಟಕ್ಕೆ ಬಹುಮಾನ ಕೊಟ್ಟಂತೆ. ತಂತಮ್ಮ ದೇಶದ ಲೀಗಿನ ಸ್ಥಾನ ನೋಡಿ ಮೊದಲ ಸುತ್ತು ಕಟ್ಟಿ, ಸಮ ಬಂದಾಗ ಎದುರಾಳಿಗಳ ಬಲವನ್ನು ಮೊದಲು ಪರಿಗಣಿಸುವುದೇ ನ್ಯಾಯ ಎಂಬುದು ನನ್ನ ಪಕ್ಷ.

ಮೈದಾನಗಳು ಅಕ್ಕಪಕ್ಕದಲ್ಲಿದ್ದರೆ ಕೊನೆಗೊಂದು ಎಚ್ಚರಿಕೆ. ಒಂದೊಂದಕ್ಕೂ ಬೇರೆ ಡ್ರಮ್ ಇಟ್ಟರೆ ಎರಡೂ ಪೆಟ್ಟು ಹೆಣೆದುಕೊಂಡು, ಮಂಡಿಯೂರಿದವರಿಗೆ ಪಕ್ಕದ ಮೈದಾನದ ಕಲ್ಲೂ ಕೇಳಿ ಐದರ ಎಣಿಕೆ ಮೂರೂವರೆ ಸೆಕೆಂಡಿಗೇ ಮುಗಿದುಬಿಡಬಹುದು. ಎಲ್ಲ ಮೈದಾನಕ್ಕೂ ಒಂದೇ ಸ್ಪೀಕರಿನಿಂದ ಬಿಡುವಿಲ್ಲದೆ ಕಲ್ಲು ಬಾರಿಸಿ, ಆಯಾ ಮೈದಾನದ ಎಣಿಕೆಯವರು ತಮ್ಮ ಸುತ್ತು ನಡೆಯುವಾಗಿನದನ್ನು ಮಾತ್ರ ಬರೆದುಕೊಳ್ಳಲಿ. ಕರೆಂಟ್ ಹೋದರೆ ಇರಲೆಂದು ಬ್ಯಾಟರಿಯ ಮೆಟ್ರೊನೋಮ್ ಒಂದನ್ನು ನಿಮಿಷಕ್ಕೆ 40 ಪೆಟ್ಟಿಗೆ ಹೊಂದಿಸಿ, ಪಕ್ಕದಲ್ಲೊಂದು ಡ್ರಮ್ ಇಟ್ಟುಕೊಂಡಿರಿ.