ಸಾಯೋದಕ್ಕೆ ಭಯವಾ, ಸಾಯದೇ ಇರೋದಕ್ಕಾ?

ಹೋದ ತಿಂಗಳು ಒಂದು ರಾತ್ರಿ ಮೂರು ಗಂಟೆಗೆ ಎದೆ ಹಿಡಿದುಕೊಂಡ ಹಾಗಾಗಿ ಎದ್ದು ಕೂತೆ. ಎಡಗೈ ಜೋಮು. ಬೆನ್ನೆಲ್ಲ ಬೆವರು. ಹೆಂಡತಿಯನ್ನು ಎಬ್ಬಿಸಿದೆ, ಪಕ್ಕದ ಮನೆಯವರು ಕಾರು ತೆಗೆದರು, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ತೆಗೆದುಕೊಂಡರು, ಬೆಳಗ್ಗೆ ಆರಕ್ಕೆ ಡಾಕ್ಟರ್ ಬಂದು 'ಹಾರ್ಟಿಗೆ ಏನೂ ಆಗಿಲ್ಲ, ಆ್ಯಸಿಡಿಟಿ' ಅಂದು ಮಾತ್ರೆ ಬರೆದುಕೊಟ್ಟರು. ಅಷ್ಟೇ.

ಆದರೆ ಆ ಮೂರು ಗಂಟೆ ನಾನು ಸತ್ತೇ ಹೋಗುತ್ತೇನೆ ಅಂದುಕೊಂಡಿದ್ದೆ. ಆಗ ನೆನಪಾಗಿದ್ದು ದೇವರಲ್ಲ, ಸ್ವರ್ಗ ನರಕ ಅಲ್ಲ, ಮನೆಯ ಮೋಟರ್. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬೆಳಗಿನ ಜಾವ ಬರುತ್ತದೆ. ಸಂಪ್ ತುಂಬಿದ ಮೇಲೆ ಮೋಟರ್ ಹಾಕಿ ಟ್ಯಾಂಕಿಗೆ ಏರಿಸುವುದು ನನ್ನ ಕೆಲಸ. ಅದರ ಸ್ವಿಚ್ ಸ್ವಲ್ಪ ಲೂಸು, ಒತ್ತಿ ಹಿಡಿದು ಬಿಡಬೇಕು, ಇಲ್ಲದಿದ್ದರೆ ಹತ್ತುವುದಿಲ್ಲ. ಇದನ್ನು ಯಾರಿಗೂ ಹೇಳಿಕೊಟ್ಟಿಲ್ಲವಲ್ಲ ಅಂತ ಸ್ಟ್ರೆಚರ್ ಮೇಲೆ ಮಲಗಿ ಒದ್ದಾಡಿದೆ. ಆಮೇಲೆ ಇನ್ನೊಂದು ಹೊಳೆಯಿತು, ಮೈಯೆಲ್ಲ ತಣ್ಣಗಾಯಿತು. ಎರಡು ದಿನದಲ್ಲಿ ಯಾರೋ ಕಲಿತುಕೊಳ್ಳುತ್ತಾರೆ. ನೀರು ಏರುತ್ತದೆ. ಹಾಲಿನವನು ಬರುತ್ತಾನೆ. ಮಗಳು ಸ್ಕೂಲಿಗೆ ಹೋಗುತ್ತಾಳೆ. ನಾನೊಬ್ಬ ಇರುವುದಿಲ್ಲ.

ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ, ಹಾಗಾದರೆ ಭಯ ಯಾಕೆ ಅಂತ ಗ್ರೀಸಿನ ಎಪಿಕ್ಯೂರಸ್ 2300 ವರ್ಷಗಳ ಹಿಂದೆಯೇ ವಾದ ಮಾಡಿದ್ದ. ಹಗಲು ಹೊತ್ತಲ್ಲಿ ಓದಿದರೆ ಸರಿ ಅನ್ನಿಸುತ್ತದೆ. ಸ್ಟ್ರೆಚರ್ ಮೇಲೆ ಅದು ನನಗೆ ಕೆಲಸಕ್ಕೆ ಬರಲಿಲ್ಲ. ನನ್ನ ಭಯ ಸತ್ತ ಮೇಲಿನದ್ದಲ್ಲ, ಆಗಿನದ್ದೇ. ಮಗಳ ಮುಖ ಇನ್ನು ನೋಡುವುದಿಲ್ಲ ಅನ್ನೋದು ಬದುಕಿರುವವನಿಗೇ ತಾನೇ ಗೊತ್ತಾಗೋದು?

ವಿಷಯ ಗೊತ್ತಾಗಿ ಗೆಳೆಯನೊಬ್ಬ ಸಿಕ್ಕಿದ. ಗಾಂಧಿಬಜಾರಿನಲ್ಲಿ ನಿಂತು ಬೈಟು ಕಾಫಿ ಕುಡಿದೆವು. ಅವನು ಈಚೆಗೆ ಆಯಸ್ಸು ಹೆಚ್ಚಿಸುವ ಸಂಶೋಧನೆಗಳ ಬಗ್ಗೆ ತುಂಬಾ ಓದುತ್ತಾನೆ. 'ಇನ್ನು ಮೂವತ್ತು ವರ್ಷ ತಳ್ಳಿದ್ರೆ ಸಾಕು ಕಣೋ, ಆಮೇಲೆ ಮುಪ್ಪನ್ನೇ ನಿಲ್ಲಿಸ್ತಾರೆ. ಸಾಯೋ ಅಗತ್ಯಾನೇ ಇರಲ್ಲ' ಅಂದ. ಒಂದು ವಾರದ ಹಿಂದೆ ಆಸ್ಪತ್ರೆಯಲ್ಲಿ ಯಾರಾದರೂ ಹೀಗಂದಿದ್ದರೆ ಕೈಮುಗಿದು ಹೂಂ ಅನ್ನುತ್ತಿದ್ದೆ. ಆದರೆ ಅವತ್ತು ಕಾಫಿ ಲೋಟ ಹಿಡಿದುಕೊಂಡು ನನಗೆ ನೆನಪಾಗಿದ್ದು ಅಜ್ಜಿ.

ಅಜ್ಜಿ 96 ವರ್ಷ ಬದುಕಿದ್ದಳು. ಮಾಗಡಿ ಕಡೆಯವಳು. ಕೊನೆಯ ಮೂವತ್ತು ವರ್ಷ ಹನುಮಂತನಗರದಲ್ಲಿ ದೊಡ್ಡ ಮಾವನ ಮನೆಯಲ್ಲಿದ್ದಳು. ನಮ್ಮಲ್ಲಿ ಮದುವೆಗೆ ಮುಯ್ಯಿ ಕೊಡುವ ಪಾತ್ರೆ ಮೇಲೆ ಕೊಟ್ಟವರ ಹೆಸರು ಹಾಕಿಸುತ್ತಾರಲ್ಲ, ಅಂಥ ಪಾತ್ರೆಗಳು ಅವಳ ಹತ್ತಿರ ಒಂದು ಬೀರು ತುಂಬ ಇದ್ದವು. ಹಬ್ಬಕ್ಕೆ ಮುಂಚೆ ಅವನ್ನೆಲ್ಲ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಬಿಸಿಲಿಗೆ ಬೋರಲು ಹಾಕುತ್ತಿದ್ದೆವು. ಒಣಗಿದ ಮೇಲೆ ಒಂದೊಂದನ್ನೇ ತೊಡೆ ಮೇಲಿಟ್ಟುಕೊಂಡು ಸೆರಗಲ್ಲಿ ಒರೆಸೋದು ಅಜ್ಜಿಯ ಕೆಲಸ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಕಣ್ಣೂ ಮಂಜಾಗಿತ್ತು. ಆದರೂ ಅಂಚು, ನೆಗ್ಗು, ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿ ಯಾರದ್ದು ಅಂತ ಹೇಳಿಬಿಡುತ್ತಿದ್ದಳು. 'ಇದು ನಮ್ಮ ಸೋದರತ್ತೆ ಕೊಟ್ಟಿದ್ದು ಕಣ್ ಮಗ. ಹೋದ್ಲು. ಇದು ಕುದೂರು ಬೀಗ್ರುದು. ಇಬ್ರೂ ಹೋದ್ರು. ಇದು ನಿಮ್ಮ ತಾತನ ಜೊತೆಗಾರ ಒಬ್ಬ ಇದ್ದ, ಅವನ್ದು. ಹೋದ.' ದುಃಖದಲ್ಲಿ ಹೇಳುತ್ತಿದ್ದಳು ಅಂತಲ್ಲ. ಲೆಕ್ಕ ಒಪ್ಪಿಸಿದ ಹಾಗೆ.

ಅದರಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ದೊಡ್ಡ ಮಾವ ಮೊದಲ ಸಂಬಳದಲ್ಲಿ ತಂದು ತಮ್ಮ ಅಮ್ಮನಿಗೆ, ಅಂದರೆ ಅಜ್ಜಿಗೆ, ಕೊಟ್ಟಿದ್ದು, ಅವರದ್ದೇ ಹೆಸರಿತ್ತು. 2019ರಲ್ಲಿ ದೊಡ್ಡ ಮಾವ ತೀರಿಕೊಂಡರು. ಅಜ್ಜಿಗೆ ಆಗ 93. ಊರಿನ ತೋಟದಲ್ಲಿ ಮಣ್ಣು ಮಾಡಿದೆವು. ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದಾಗ ಅಜ್ಜಿ ಜಗಲಿ ಮೇಲೆ ಕೂತಿದ್ದಳು. ಅಳು ಇರಲಿಲ್ಲ. ನನ್ನ ಕೈ ಹಿಡಿದುಕೊಂಡು ಕೇಳಿದಳು, 'ಇನ್ನೂ ಎಷ್ಟು ಜನುಕ್ಕೆ ಹಾಲು ತುಪ್ಪ ಬಿಡೋದ್ ನೋಡ್ಬೇಕು ನಾನು?' ನನಗೆ ಏನು ಹೇಳಬೇಕೋ ತೋಚಲಿಲ್ಲ. ಕಾಫಿ ಕುಡೀತೀಯಾ ಅಜ್ಜಿ ಅಂದೆ.

ಮುಂದಿನ ಹಬ್ಬಕ್ಕೆ ಪಾತ್ರೆ ಒರೆಸುವಾಗ ಆ ಡಬ್ಬಿ ಕೈಗೆ ಬಂತು. ಅವಳು 'ಹೋದ' ಅನ್ನಲಿಲ್ಲ. ಒರೆಸಿ, ಮಿಕ್ಕಿದ್ದೆಲ್ಲದರ ಕೆಳಗೆ ಇಟ್ಟಳು.

ಅವತ್ತಿಂದ 'ಚಿರಂಜೀವಿ' ಅನ್ನುವ ಮಾತು ನನಗೆ ಮೊದಲಿನ ಹಾಗೆ ಕೇಳಿಸುವುದಿಲ್ಲ. ಲಗ್ನಪತ್ರಿಕೆಯಲ್ಲಿ ಗಂಡಿನ ಹೆಸರಿನ ಮುಂದೆ 'ಚಿ.' ಅಂತ ಹಾಕುತ್ತೇವೆ, ಹರಸುವಾಗ ಅಂತೂ ಬಾಯಿಗೆ ತಾನಾಗೇ ಬರುತ್ತೆ. ಆದರೆ ಮಹಾಭಾರತದ ಅಶ್ವತ್ಥಾಮನಿಗೆ ಅದು ಸಿಕ್ಕಿದ್ದು ಶಾಪವಾಗಿ. ಮಲಗಿದ್ದ ದ್ರೌಪದಿಯ ಮಕ್ಕಳನ್ನು ಕೊಂದವನು, ಉತ್ತರೆಯ ಹೊಟ್ಟೆಯೊಳಗಿನ ಮಗುವಿಗೆ ಅಸ್ತ್ರ ಬಿಟ್ಟವನು. ಕೃಷ್ಣ ಅವನಿಗೆ ಮರಣದಂಡನೆ ಕೊಡಬಹುದಿತ್ತು, ಕೊಡಲಿಲ್ಲ. ಕೀವು ರಕ್ತ ಸೋರುತ್ತಾ 3000 ವರ್ಷ ಒಬ್ಬನೇ ಅಲೆಯುತ್ತಿರು, ನಿನ್ನ ಜೊತೆ ಮಾತಾಡಲು ಒಬ್ಬರೂ ಸಿಗದಿರಲಿ ಅಂದ. ಚಿಕ್ಕವನಿದ್ದಾಗ ಗಾಯದ ಭಾಗ ಕೇಳಿ ಹೆದರುತ್ತಿದ್ದೆ. ಈಗ ಹೆದರಿಸುವುದು ಮಾತಿನ ಭಾಗ. ಇನ್ನೊಂದು ನೋಡಿ, ಅಶ್ವತ್ಥಾಮ ಸತ್ತ ಅನ್ನುವ ಸುಳ್ಳು ಕೇಳಿಯೇ ಅವನ ಅಪ್ಪ ದ್ರೋಣ ಬಿಲ್ಲು ಕೆಳಗಿಟ್ಟು ಸತ್ತಿದ್ದು. ಅದೇ ಮಗನಿಗೆ ಆಮೇಲೆ ಸಾವೇ ಸಿಗಲಿಲ್ಲ. ಇದನ್ನು ನೆನೆಸಿಕೊಂಡಾಗಲೆಲ್ಲ ಸಂಕಟ ಆಗುತ್ತದೆ.

ಪುರಾಣ ಬಿಡಿ. ಫ್ರಾನ್ಸಿನ ಜಾನ್ ಕಾಲ್ಮಾ ಎಂಬಾಕೆ 122 ವರ್ಷ 164 ದಿನ ಬದುಕಿ 1997ರಲ್ಲಿ ತೀರಿಕೊಂಡರು. ದಾಖಲೆ ಇರುವವರಲ್ಲಿ ಅಷ್ಟು ವರ್ಷ ಯಾರೂ ಬದುಕಿಲ್ಲ. ಎಲ್ಲರೂ 122 ಅನ್ನುವ ಅಂಕಿ ನೋಡುತ್ತಾರೆ. ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ಅವರ ಒಬ್ಬಳೇ ಮಗಳು ಸತ್ತಿದ್ದು 1934ರಲ್ಲಿ, ಒಬ್ಬನೇ ಮೊಮ್ಮಗ ಹೋಗಿದ್ದು 1963ರಲ್ಲಿ. ಆಮೇಲೂ 34 ವರ್ಷ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. 'ಎಲ್ರೂ ಸಾಯದೇ ಇದ್ರೆ? ನಿಮ್ಮ ಅಜ್ಜಿ, ಮಾವ, ಸೋದರತ್ತೆ, ಎಲ್ರೂ?' ಅಂದ. ನ್ಯಾಯವಾದ ಪ್ರಶ್ನೆ. ಎರಡು ದಿನ ಯೋಚಿಸಿದೆ.

ಒಂದು, ಆಗ ನಾನು ಅಜ್ಜಿಯನ್ನು ನೋಡಲು ಹೋಗುತ್ತಿದ್ದೆನಾ? ಅವಳು ಇನ್ನು ಜಾಸ್ತಿ ದಿನ ಇರುವುದಿಲ್ಲ ಅಂತ ಗೊತ್ತಿದ್ದೂ 'ಮುಂದಿನ ವಾರ ಹೋದರಾಯ್ತು' ಅಂತ ಎಷ್ಟು ಭಾನುವಾರ ಮನೆಯಲ್ಲೇ ಕಳೆದಿದ್ದೇನೆ. ಯಾವತ್ತೂ ಇರುತ್ತಾಳೆ ಅಂದಿದ್ದರೆ ಆ ಮುಂದಿನ ವಾರ ಬರುತ್ತಲೇ ಇರಲಿಲ್ಲ.

ಇನ್ನೊಂದು, ನನ್ನನ್ನು ಜಾಸ್ತಿ ಹೆದರಿಸುವುದು, ಮರೆವು. ಈಗಲೇ ನನಗೆ ಮೂರನೇ ಕ್ಲಾಸಿನ ಮೇಷ್ಟ್ರ ಮುಖ ನೆನಪಿಲ್ಲ. ಸಾವಿರ ವರ್ಷ ಆದ ಮೇಲೆ ಅಜ್ಜಿಯ ಹೆಬ್ಬೆರಳು ನೆನಪಿರುತ್ತಾ? ಮಗಳು ಮೊದಲು 'ಅಪ್ಪ' ಅಂದಿದ್ದು? ಅದೆಲ್ಲ ಅಳಿಸಿಹೋದ ಮೇಲೂ ಉಸಿರಾಡುತ್ತಾ ಇರುವವನು ಯಾರೋ ಬೇರೆಯವನು. ಅವನಿಗಾಗಿ ನಾನು ಯಾಕೆ ಆಸೆಪಡಲಿ? ಕೇತೋಹಳ್ಳಿಯ ದೊಡ್ಡ ಆಲದ ಮರ ನೋಡಿರುತ್ತೀರಿ. ಸುಮಾರು 400 ವರ್ಷದ್ದು, ಮೂರು ಎಕರೆ ಹರಡಿದೆ. ಅಪ್ಪ ಕರೆದುಕೊಂಡು ಹೋದಾಗಲೆಲ್ಲ ಇದರಲ್ಲಿ ತಾಯಿ ಬುಡ ಯಾವುದು ಅಂತ ಹುಡುಕುತ್ತಿದ್ದೆ. ಅದು ರೋಗ ಬಂದು ಯಾವಾಗಲೋ ಸತ್ತು ಹೋಗಿದೆ. ಈಗ ಇರುವುದೆಲ್ಲ ಬಿಳಲುಗಳು, ಇಳಿದು ಬೇರು ಬಿಟ್ಟು ಬುಡವೇ ಆದವು. ಮರ ಇದೆ ಅಂತ ನಾವು ಹೇಳುತ್ತೇವೆ. ಆ ಮೊದಲ ಬುಡ ಮಾತ್ರ ಇಲ್ಲ.

ಹಾಗಂತ ಸಾವಿನ ಭಯ ಹೋಯಿತು ಅಂತಲ್ಲ. ಇವತ್ತು ರಾತ್ರಿ ಎದೆ ಹಿಡಿದುಕೊಂಡರೆ ಮತ್ತೆ ನಡುಗುತ್ತೇನೆ. ಹತ್ತಿರದಿಂದ ಹೆದರಿಸುವುದು ಸಾವೇ. ಆದರೆ ಎರಡರಲ್ಲಿ ಒಂದನ್ನು ಆರಿಸಿಕೋ ಅಂದರೆ, ಎಂದೆಂದಿಗೂ ಇರೋದನ್ನು ನಾನು ಕೈಯಲ್ಲೂ ಮುಟ್ಟುವುದಿಲ್ಲ. ಮೋಟರ್ ಸ್ವಿಚ್ ಒತ್ತುವುದನ್ನು ಮಗಳಿಗೆ ಹೇಳಿಕೊಟ್ಟಿದ್ದೇನೆ.

ಅಜ್ಜಿ 2022ರಲ್ಲಿ ಹೋದಳು. ತಿಥಿ ಆದ ಮೇಲೆ ಪಾತ್ರೆಗಳನ್ನು ಮೊಮ್ಮಕ್ಕಳು ಹಂಚಿಕೊಂಡೆವು. ನನ್ನ ಪಾಲಿಗೆ ಬಂದದ್ದು ಒಂದು ಹಿತ್ತಾಳೆ ಚೊಂಬು. ಆಸ್ಪತ್ರೆಯಿಂದ ಬಂದ ಮೇಲೆ ಅದನ್ನು ತೆಗೆದು ತಿಕ್ಕಿದೆ. 'ಪುಟ್ಟತಾಯಮ್ಮ' ಅಂತ ಹೆಸರಿದೆ, ಕೊನೆಯ ಅಕ್ಷರ ಅರ್ಧ ಸವೆದಿದೆ. ನನಗೆ ಓದಲು ಬರುತ್ತದೆ, ಯಾರು ಅಂತ ಗೊತ್ತಿಲ್ಲ. ಅಮ್ಮನನ್ನು ಕೇಳಿದೆ, ಅವಳಿಗೂ ಗೊತ್ತಿಲ್ಲ. ಅಜ್ಜಿಯ ಕೊನೆಯ ವಾರಗಿತ್ತಿ ಮಾಗಡಿಯಲ್ಲಿ ಇನ್ನೂ ಇದ್ದಾರೆ, ಎಂಬತ್ತೆಂಟು ವರ್ಷ. ಭಾನುವಾರದವರೆಗೆ ಕಾಯುವುದು ಬೇಡ ಅಂತ ನಾಳೆಗೇ ರಜೆ ಹಾಕಿದ್ದೇನೆ. ಚೊಂಬನ್ನು ಬ್ಯಾಗಿನಲ್ಲಿ ಇಟ್ಟಾಗಿದೆ.