ಖರೀದಿಯನ್ನು ತಂತ್ರಾಂಶಕ್ಕೆ ಒಪ್ಪಿಸಿದರೆ ಘಾಟಿ ಮುಚ್ಚಿದಾಗ ಏನು ಗತಿ?

ಹಾಸನ, ಚಿಕ್ಕಮಗಳೂರಿನ ಕಾರ್ಖಾನೆಗಳಿಗೂ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೂ ಖರೀದಿಯ ತಂತ್ರಾಂಶ ಅಳವಡಿಸಿಕೊಡುವುದು ನನ್ನ ಕೆಲಸ. ಮಾಲೀಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಸ್ಟಾಕ್ ನೋಡಿ ಆರ್ಡರ್ ಹಾಕುವುದನ್ನೂ ಅದಕ್ಕೇ ಬಿಟ್ಟರೆ, ಮಳೆಗಾಲದಲ್ಲಿ ಮಂಗಳೂರಿನ ದಾರಿಯ ಶಿರಾಡಿ ಘಾಟಿ ಮುಚ್ಚಿದಾಗ ನಾವೇನು ಮಾಡಬೇಕು?”

ಆರ್ಡರ್ ಬರೆಯುವುದನ್ನು ಧಾರಾಳವಾಗಿ ಬಿಡಿ ಎನ್ನುತ್ತೇನೆ. ಯಾರಿಂದ ಕೊಳ್ಳಬೇಕು, ಎಷ್ಟು ದಾಸ್ತಾನು ಇರಬೇಕು ಎಂಬುದನ್ನು ಮಾತ್ರ ಬಿಡಬೇಡಿ.

ಮಂಗಳೂರಿನಿಂದ ಬರುವ ಒಂದು ವಸ್ತು ದಿನಕ್ಕೆ 50 ಬೇಕು, ತಲುಪಲು ನಾಲ್ಕು ದಿನ ಹಿಡಿಯುತ್ತದೆ ಎಂದುಕೊಳ್ಳಿ. ಆ 200ರ ಮೇಲೆ ತುರ್ತಿಗೆಂದು ಒಂದಷ್ಟು ಕಾಪು ದಾಸ್ತಾನು ಸೇರಿಸಿ, ಸ್ಟಾಕ್ ಅಲ್ಲಿಗೆ ಇಳಿದ ಕೂಡಲೇ ತಂತ್ರಾಂಶ ಆರ್ಡರ್ ಕಳುಹಿಸುತ್ತದೆ. ಜನವರಿಯಲ್ಲಿ ಈ ನಾಲ್ಕು ದಿನ ನಿಜ, ಜುಲೈನಲ್ಲಿ ಸುಳ್ಳು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಶಿರಾಡಿ ರಸ್ತೆಯೂ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ಬಂದ್ ಆದವು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈನಲ್ಲಿ ಶಿರಾಡಿ ರಸ್ತೆಯ ದೊಡ್ಡತಪ್ಪಲು ಬಳಿ ಮತ್ತೆ ಕುಸಿತ. ಇದು ನಮಗೆಲ್ಲ ಗೊತ್ತು. ತಂತ್ರಾಂಶಕ್ಕೆ ನಾವು ಹೇಳದಿದ್ದರೆ ಗೊತ್ತಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಾಲ್ಕು ದಿನದ ಜಾಗದಲ್ಲಿ ಬೇರೆ ಅಂಕಿ ತುಂಬಿ.

ಇದು ಸುಲಭದ ಭಾಗ. ನನಗೆ ನಿಜವಾದ ಆತಂಕವಿರುವುದು ‘ಕಡಿಮೆ ದರದವರಿಗೆ ಆರ್ಡರ್’ ಎಂಬ ನಿಯಮದ ಬಗ್ಗೆ. ಕೈಯಲ್ಲಿ ಬರೆಯುತ್ತಿದ್ದಾಗ ಗುಮಾಸ್ತರು ಹಳೆಯ ಪರಿಚಯದ ಮೇಲೆ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ಆರ್ಡರ್ ಕೊಡುತ್ತಿದ್ದರು. ಯಂತ್ರ ಹಾಗಲ್ಲ, ಎರಡು ರೂಪಾಯಿ ವ್ಯತ್ಯಾಸಕ್ಕೆ ಪ್ರತಿ ಸಲವೂ ಒಬ್ಬರನ್ನೇ ಆರಿಸುತ್ತದೆ. ವರ್ಷ ಕಳೆಯುವಷ್ಟರಲ್ಲಿ ಎರಡನೆಯ ಪೂರೈಕೆದಾರರ ಹೆಸರು ಪಟ್ಟಿಯಲ್ಲಿ ಉಳಿದಿರುತ್ತದೆ, ಅವರಿಗೆ ನಮ್ಮ ಮೇಲಿನ ಅಕ್ಕರೆ ಹೋಗಿರುತ್ತದೆ. ತುರ್ತಿನಲ್ಲಿ ಫೋನ್ ಮಾಡಿದರೆ ಅವರು ಯಾಕೆ ಓಡಿ ಬರಬೇಕು?

1997ರ ಫೆಬ್ರವರಿ 1ರಂದು ಜಪಾನಿನಲ್ಲಿ ಐಸಿನ್ ಕಂಪನಿಯ ಕಾರ್ಖಾನೆಯೊಂದು ಸುಟ್ಟುಹೋಯಿತು. ಟೊಯೊಟಾ ಕಾರುಗಳ ಬ್ರೇಕಿಗೆ ಬೇಕಾದ ಪುಟ್ಟ ವಾಲ್ವ್ ಬಹುತೇಕ ಅಲ್ಲಿಂದಲೇ ಬರುತ್ತಿತ್ತು. ಟೊಯೊಟಾ ಬಳಿ ಇದ್ದದ್ದು ಕೆಲವು ಗಂಟೆಗಳ ದಾಸ್ತಾನು. ಒಬ್ಬರನ್ನೇ ನಂಬಿದ್ದರ ಪೆಟ್ಟು ಅದು. ಆದರೆ ಅದುವರೆಗೆ ಆ ವಾಲ್ವ್ ಮಾಡಿಯೇ ಇರದ ಹತ್ತಾರು ಕಂಪನಿಗಳು ದರದ ಮಾತು ಆಮೇಲೆ ಎಂದು ಕೆಲಸಕ್ಕೆ ಇಳಿದವು. ಕಾರು ತಯಾರಿಕೆ ಸುಮಾರು ಒಂದು ವಾರದಲ್ಲಿ ಮೊದಲಿನ ಹಂತಕ್ಕೆ ಬಂತು. ಅಂಥ ಒಡನಾಟ ಕೊಟೇಷನ್ ಹೋಲಿಸುವುದರಿಂದ ಹುಟ್ಟುವುದಿಲ್ಲ.

ಆದ್ದರಿಂದ ಮುಖ್ಯ ವಸ್ತುಗಳಿಗೆ ಐದರಲ್ಲಿ ಒಂದು ಆರ್ಡರ್ ಎರಡನೆಯವರಿಗೇ ಹೋಗುವಂತೆ ನಿಯಮ ಬರೆಯುತ್ತೇನೆ. ಮಂಗಳೂರಿನವರು ಮೊದಲಿಗರಾದರೆ ಎರಡನೆಯವರು ಬೆಂಗಳೂರಿನ ಕಡೆಯವರಾಗಿರಲಿ. ಇಬ್ಬರೂ ಘಾಟಿಯ ಆಚೆಗಿದ್ದರೆ ಪ್ರಯೋಜನವಿಲ್ಲ. ದರ ತುಸು ಹೆಚ್ಚಾಗುತ್ತದೆ, ಆಗಲಿ.

ಯಾಂತ್ರೀಕರಣದಿಂದ ಈ ಬಾಂಧವ್ಯಕ್ಕೆ ಆಗುವ ಒಳಿತೂ ಇದೆ. ಬಿಲ್ಲು, ಆರ್ಡರು, ಬಂದ ಸರಕು ಮೂರನ್ನೂ ಅದು ತಾನೇ ತಾಳೆ ನೋಡುವುದರಿಂದ ಹಣ ತಡವಾಗುವುದಿಲ್ಲ. ಸಣ್ಣ ಉದ್ದಿಮೆದಾರರನ್ನು 45 ದಿನಕ್ಕಿಂತ ಹೆಚ್ಚು ಕಾಯಿಸಬಾರದೆಂದು 2006ರ ಕಾಯ್ದೆಯೇ ಹೇಳುತ್ತದೆ. ಹೊತ್ತಿಗೆ ಸರಿಯಾಗಿ ಹಣ ಪಡೆದವರು ಕಷ್ಟದಲ್ಲಿ ನಮ್ಮ ಫೋನ್ ಎತ್ತುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು, “ಹಾಗಾದರೆ ಖರೀದಿ ಗುಮಾಸ್ತರು ಬೇಡವಲ್ಲ?” ಎನ್ನುತ್ತಾರೆ. ಅವರನ್ನು ತೆಗೆಯುವುದಾದರೆ ಈ ತಂತ್ರಾಂಶ ಹಾಕಿಸಲೇಬೇಡಿ ಎಂದು ನೇರವಾಗಿ ಹೇಳುತ್ತೇನೆ. ಆರ್ಡರ್ ಬರೆಯುವುದು ತಪ್ಪಿ ಉಳಿತಾಯವಾದ ಸಮಯದಲ್ಲಿ ಅವರು ಪೂರೈಕೆದಾರರ ಬಳಿ ಹೋಗಿ ಬರಬೇಕು, ಮೇ ತಿಂಗಳಲ್ಲೇ ಮಳೆಗಾಲದ ದಾಸ್ತಾನು ತುಂಬಿಸಬೇಕು.