ಕೊರಳ ಪಟ್ಟಿ ಬಿಚ್ಚುವ ದಿನ: ಭುಜದ ಪೆಟ್ಟಿನ ಬಗ್ಗೆ ಇಂಗ್ಲೆಂಡಿನಿಂದ ಕಲಬುರಗಿ ಕಡೆಯವರಿಗೆ

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗೆ ಭುಜದ ಪೆಟ್ಟಿಗೆಂದು ಹೋದವರು ವಾಪಸು ಬರುವಾಗ ಸಾಮಾನ್ಯವಾಗಿ ಮೂರು ವಸ್ತು ತರುತ್ತಾರೆ: ಕೈಗೆ ಆಸರೆಯಾಗಿ ಕೊರಳಿಗೆ ತೂಗುಹಾಕಿದ ಪಟ್ಟಿ (ಸ್ಲಿಂಗ್), ನೋವಿನ ಗುಳಿಗೆ, ಯಾವ ವಾರ ಏನು ಮಾಡಬೇಕು ಎಂದು ಚಿತ್ರಸಮೇತ ಬರೆದ ಹಾಳೆ. ಕಲಬುರಗಿಯಲ್ಲಿ ಅದೇ ಪೆಟ್ಟಿಗೆ ಎಕ್ಸ್‌ರೇ ಬೇಗ ಆಗುತ್ತದೆ, ದುಡ್ಡಿದ್ದರೆ ಎಂಆರ್‌ಐ ಕೂಡ ಬೇಗ ಆಗುತ್ತದೆ. ಆ ಹಾಳೆ ಸಿಗುವುದು ಮಾತ್ರ ಅಪರೂಪ. ಇಲ್ಲಿ ಇಂಗ್ಲೆಂಡಿನಲ್ಲಿ ಫಿಸಿಯೋಥೆರಪಿ ಕೆಲಸದಲ್ಲಿರುವ ನಮಗೆ ಊರಿಂದ ಬರುವ ವಿಡಿಯೋ ಕಾಲ್‌ಗಳಲ್ಲಿ ಕೇಳಿಸುವ ಮಾತು ಹೆಚ್ಚುಕಡಿಮೆ ಒಂದೇ: "ಪಟ್ಟಿ ಹಾಕಿ ಎರಡು ತಿಂಗಳಾತು, ಈಗ ಬ್ಯಾನಿ ಕಮ್ಮಿ ಅದ, ಖರೆ ಕೈನೇ ಮ್ಯಾಲೆ ಏಳವಲ್ದು." ಆ ಭುಜವನ್ನು ಪೆಟ್ಟು ಎಷ್ಟು ಕೆಡಿಸಿತೋ ಎರಡು ತಿಂಗಳ ಪಟ್ಟಿಯೂ ಅಷ್ಟೇ ಕೆಡಿಸಿರುತ್ತದೆ. ಆದ್ದರಿಂದ ಪಟ್ಟಿ ಹಾಕಿಸಿಕೊಳ್ಳುವ ದಿನವೇ ಅದನ್ನು ಬಿಚ್ಚುವ ತಾರೀಖನ್ನು ಡಾಕ್ಟರ ಬಾಯಿಂದ ಕೇಳಿ, ಚೀಟಿ ಮೇಲೆ ಬರೆಸಿಕೊಳ್ಳಿ.

ಇಲ್ಲಿಯದೆಲ್ಲ ಚಂದ, ಊರಿನದೆಲ್ಲ ಕೆಟ್ಟದ್ದು ಅಂತಲ್ಲ. ಇಲ್ಲಿ ಸಣ್ಣ ಪೆಟ್ಟಾದರೆ ಮೊದಲು ಸರ್ಕಾರಿ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಬೇಕು, ದೊಡ್ಡದಾದರೆ ಎಮರ್ಜೆನ್ಸಿಗೆ ಹೋಗಿ ಗಂಟೆಗಟ್ಟಲೆ ಕೂಡಬೇಕು. ಫಿಸಿಯೋ ಭೇಟಿಗೆ ವಾರಗಟ್ಟಲೆ, ಕೆಲವು ಕಡೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆ ಕಾಯುವಿಕೆಯಲ್ಲಿ ಭುಜ ಬಿಗಿಯಬಾರದೆಂದೇ ಮೊದಲ ದಿನ ಹಾಳೆ ಕೊಟ್ಟು ಕಳಿಸುವುದು. ಓದಲಿಕ್ಕೆ ಬರುವ ಮಕ್ಕಳು ವೀಸಾ ಜೊತೆಗೇ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ (2024ರ ಫೆಬ್ರುವರಿಯಿಂದ ಈ ದರ). ಹಾಗಾಗಿ ಎಕ್ಸ್‌ರೇ, ಡಾಕ್ಟರ್, ಫಿಸಿಯೋ ಯಾವುದಕ್ಕೂ ಬೇರೆ ಬಿಲ್ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಔಷಧಿ ಚೀಟಿಗೆ ಮಾತ್ರ ಹಣ ಕೊಡಬೇಕು. ಕೆಲಸದಲ್ಲಿರುವವರು ಮೊದಲ 7 ದಿನ ತಾವೇ ಬರೆದುಕೊಟ್ಟು ರಜೆ ತೆಗೆದುಕೊಳ್ಳಬಹುದು. ಅದರ ಮೇಲೆ ಬೇಕಾದ ಪತ್ರಕ್ಕೆ 2022ರ ಜುಲೈಯಿಂದ ಫಿಸಿಯೋಗಳೂ ಸಹಿ ಹಾಕಬಹುದು. ಮಗನೋ ಮಗಳೋ ಅಲ್ಲಿ ಬಿದ್ದಿದ್ದಾರೆ ಎಂದು ಊರಲ್ಲಿ ಗಾಬರಿಯಾಗುವ ತಂದೆತಾಯಿಗೆ ಇಷ್ಟು ಗೊತ್ತಿದ್ದರೆ ಸಾಕು.

ಭುಜವೇ ಯಾಕೆ ಇಷ್ಟು ಬೇಗ ಬಿಗಿಯುತ್ತದೆ? ರಟ್ಟೆಯ ಎಲುಬಿನ ಗುಂಡು ತಲೆ ದೊಡ್ಡದು, ಅದು ಕೂಡುವ ಗುಳಿ ಚಿಕ್ಕದು, ಆಳವಿಲ್ಲದ್ದು; ಯಾವ ಹೊತ್ತಿನಲ್ಲೂ ಆ ತಲೆಯ ಮೂರನೇ ಒಂದು ಭಾಗದಷ್ಟು ಕೂಡ ಗುಳಿಗೆ ತಾಗಿರುವುದಿಲ್ಲ. ಅದನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಚೀಲದಂಥ ಪೊರೆ ಮತ್ತು ನಾಲ್ಕು ಸಣ್ಣ ಸ್ನಾಯುಗಳು. ಕೈಯನ್ನು ಹೊಟ್ಟೆಗೆ ಒತ್ತಿ ವಾರಗಟ್ಟಲೆ ಕಟ್ಟಿಟ್ಟರೆ ಆ ಪೊರೆ ಮಡಿಕೆ ಮಡಿಕೆಯಾಗಿ ಅಂಟಿಕೊಂಡು ಕುಗ್ಗುತ್ತದೆ, ಸ್ನಾಯು ಸೊರಗುತ್ತದೆ.

ಬಿದ್ದ ಗಳಿಗೆಯ ಮಾತು ಮೊದಲು. ಭುಜದ ದುಂಡು ಹೋಗಿ ಚೌಕಾಗಿ ಕಂಡರೆ, ಕೈ ಸ್ವಲ್ಪ ಹೊರಕ್ಕೆ ನಿಂತು ಒಳಗೆ ಬಾರದೆ ಹೋದರೆ, ಕೀಲು ತಪ್ಪಿರುವ ಸಂಭವ ಹೆಚ್ಚು. ಯಾರಿಗೂ ಎಳೆಯಲಿಕ್ಕೆ ಬಿಡಬೇಡಿ. ಕೀಲಿನ ಜೊತೆಗೆ ಎಲುಬೂ ಮುರಿದಿದ್ದರೆ ಎಳೆತದಿಂದ ಆ ಮುರಿತ ಸರಿಯುತ್ತದೆ, ನರಕ್ಕೆ ಏಟಾಗುತ್ತದೆ. ಅದಕ್ಕೇ ಕೂಡಿಸುವ ಮೊದಲೊಮ್ಮೆ, ಕೂಡಿಸಿದ ಮೇಲೊಮ್ಮೆ ಎಕ್ಸ್‌ರೇ ತೆಗೆಯುವುದು. ಬಿದ್ದವರಿಗೆ ಧೈರ್ಯ ಬರಲೆಂದು ಚಹಾ, ಉಪ್ಪಿಟ್ಟು ಕೊಡುವವರುಂಟು. ಕೊಡಬೇಡಿ, ಕೀಲು ಕೂಡಿಸಲು ಮಂಪರು ಬರುವ ಔಷಧಿ ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕು. ದವಾಖಾನೆಗೆ ಹೋಗುವ ದಾರಿಯಲ್ಲಿ ಎರಡು ನೋಡಿಕೊಳ್ಳಿ: ರಟ್ಟೆಯ ಹೊರಮೈ ಮುಟ್ಟಿದರೆ ಎರಡೂ ಕಡೆ ಒಂದೇ ಸಮ ಗೊತ್ತಾಗುತ್ತದೆಯೇ, ಮಣಿಕಟ್ಟು ಮೇಲಕ್ಕೆ ಎತ್ತಲು ಬರುತ್ತದೆಯೇ. ಇಲ್ಲವಾದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಬೆರಳು ತಣ್ಣಗಾಗಿ ಬಣ್ಣಗೆಟ್ಟಿದ್ದರೆ ಒಂದು ನಿಮಿಷವೂ ತಡಮಾಡುವಂತಿಲ್ಲ. ನಾಟಿ ಪಟ್ಟಿ ಕಟ್ಟುವವರ ಬಳಿ ಹೋಗುವ ರೂಢಿ ನಮ್ಮ ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಇದೆ. ಅಲ್ಲಿ ನಾವು ಹೆದರುವುದು ಬಿದಿರಿನ ದಬ್ಬೆ ಹಾಕಿ ಬಿಗಿಯಾಗಿ ಕಟ್ಟುವುದಕ್ಕೆ ಮತ್ತು ಹೊಸ ಪೆಟ್ಟಿನ ಮೇಲೆ ಎಣ್ಣೆ ಹಾಕಿ ತಿಕ್ಕುವುದಕ್ಕೆ. ಮೊದಲನೆಯದು ರಕ್ತ ಓಡದಂತೆ ಮಾಡುತ್ತದೆ, ಎರಡನೆಯದು ಬಾವು ಏರಿಸುತ್ತದೆ.

ಬಿದ್ದೇ ಇಲ್ಲ, ಆದರೂ ಎಡ ಭುಜ ನೋಯುತ್ತಿದೆ, ಜೊತೆಗೆ ಎದೆ ಬಿಗಿತ, ಬೆವರು ಅಂದರೆ ಅದು ಭುಜದ ಕೆಲಸವಲ್ಲ, ಹೃದಯದ್ದು. ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆ ಇದೆ, ನೇರ ಅಲ್ಲಿಗೇ ಹೋಗಿ.

ಪಟ್ಟಿ ಎಷ್ಟು ದಿನ ಎಂಬುದು ಪೆಟ್ಟಿನ ಮೇಲೆ ಹೋಗುತ್ತದೆ. ಬರೀ ಉಳುಕಿದ್ದರೆ ಕೆಲವೇ ದಿನ. ತಪ್ಪಿದ ಕೀಲು ಕೂಡಿಸಿದ್ದರೆ 1ರಿಂದ 3 ವಾರ. 40 ದಾಟಿದವರಿಗೆ ಕಡಿಮೆ, ಯಾಕೆಂದರೆ ಅವರಿಗೆ ಮತ್ತೆ ತಪ್ಪುವ ಭಯಕ್ಕಿಂತ ಬಿಗಿಯುವ ಭಯ ಹೆಚ್ಚು. ಹರೆಯದ ಹುಡುಗರಲ್ಲಿ ಇದಕ್ಕೆ ಉಲ್ಟಾ: ಕಬಡ್ಡಿಯಲ್ಲಿ ಒಮ್ಮೆ ತಪ್ಪಿದ ಕೀಲು ಮತ್ತೆ ಮತ್ತೆ ತಪ್ಪುವುದೇ ಹೆಚ್ಚು, ಅಂಥವರು ಮೂಳೆ ಡಾಕ್ಟರನ್ನು ಬಿಡದೆ ಕಾಣಬೇಕು. ರಟ್ಟೆ ಎಲುಬಿನ ಮೇಲ್ತುದಿ ಬಿರಿದು ಜಾಗದಲ್ಲೇ ಇದ್ದರೆ 2ರಿಂದ 3 ವಾರ, ಕೊರಳೆಲುಬು ಮುರಿದಿದ್ದರೆ 2ರಿಂದ 6 ವಾರ, ಹರಿದ ಸ್ನಾಯು ಹೊಲಿದಿದ್ದರೆ 4ರಿಂದ 6 ವಾರ. ಇವು ಸಾಮಾನ್ಯ ಲೆಕ್ಕ. ನಿಮ್ಮ ಎಕ್ಸ್‌ರೇ ನೋಡಿದವರು ಬೇರೆ ಹೇಳಿದ್ದರೆ ಅವರ ಮಾತೇ ಮಾತು. ಪಟ್ಟಿ ಹಾಕುವಾಗ ಅಂಗೈ ಮೊಣಕೈಗಿಂತ ತುಸು ಮೇಲಿರಬೇಕು, ಮಣಿಕಟ್ಟು ಜೋತು ಬೀಳಬಾರದು, ಗಂಟು ಕತ್ತಿನ ಎಲುಬಿನ ಮೇಲೆ ಬರದೆ ಪಕ್ಕಕ್ಕೆ ಬರಬೇಕು.

ಆ ವಾರಗಳನ್ನು ಕಳೆಯುವುದೇ ಕಷ್ಟದ್ದು, ಅದರಲ್ಲೂ ರಾತ್ರಿ. ಅಂಗಾತ ಪೂರ್ತಿ ಮಲಗಿದರೆ ಮೊಣಕೈ ಹಿಂದಕ್ಕೆ ಬಿದ್ದು ಭುಜ ಮುಂದಕ್ಕೆ ಎಳೆಯುತ್ತದೆ. ನಡುರಾತ್ರಿ ಏಳಿಸುವ ನೋವು ಬಹಳ ಸಲ ಅದೇ. ಬೆನ್ನಿಗೆ ಎರಡು ಮೂರು ದಿಂಬು ಇಟ್ಟು ಅರ್ಧ ಕುಳಿತಂತೆ ಒರಗಿ, ಮೊಣಕೈ ಕೆಳಗೆ ಇನ್ನೊಂದು ದಿಂಬು ಇಡಿ, ಮೊಣಕೈ ನಿಮ್ಮ ಕಣ್ಣಿಗೆ ಕಾಣುವಷ್ಟು ಮುಂದಿರಲಿ. ನೆಲದ ಹಾಸಿಗೆ ಈ ದಿನಗಳಲ್ಲಿ ಬೇಡ, ಏಳುವಾಗ ಕೈ ಊರಲೇಬೇಕಾಗುತ್ತದೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರು ಒಂದೇ ಕೈಯಲ್ಲಿ ಮೆಟ್ಟಿಲು ಹತ್ತುವ ಸಾಹಸಕ್ಕೆ ಹೋಗದೆ ಕೆಳಗೇ ಮಂಚ ಹಾಕಿಕೊಳ್ಳಿ.

ನಮ್ಮ ಬಿಸಿಲಿಗೆ ಪಟ್ಟಿಯೊಳಗೆ ಕಂಕುಳು ಬೆಂದು ಹುಣ್ಣಾಗುತ್ತದೆ. ಇಂಗ್ಲೆಂಡಿನ ಹಾಳೆಯಲ್ಲಿ ಇದಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಇರುವುದಿಲ್ಲ, ಆದರೆ ಏಪ್ರಿಲ್‌ನ ಯಾದಗಿರಿಯಲ್ಲಿ ಇದು ದಿನದ ಸಂಕಟ. ಸ್ನಾನದಲ್ಲಿ ಪಟ್ಟಿ ತೆಗೆದು, ಚಲೋ ಕೈಯನ್ನು ಗೋಡೆಗೋ ಕಟ್ಟೆಗೋ ಊರಿ, ನಡು ಬಗ್ಗಿಸಿ. ಪೆಟ್ಟಾದ ಕೈ ತನ್ನಷ್ಟಕ್ಕೆ ಜೋತುಬಿದ್ದು ದೇಹದಿಂದ ದೂರವಾಗುತ್ತದೆ, ಅದನ್ನು ಎತ್ತುವ ಕೆಲಸವೇ ಇಲ್ಲ. ಮನೆಯವರು ಕಂಕುಳು ತೊಳೆದು, ಒಣ ಅರಿವೆಯಿಂದ ಒತ್ತಿ ಒರೆಸಲಿ, ಆಮೇಲೆ ಅಲ್ಲಿ ತೆಳು ಹತ್ತಿ ಬಟ್ಟೆಯ ಮಡಿಕೆ ಇಡಲಿ. ಬಟ್ಟೆ ತೊಡುವಾಗ ಪೆಟ್ಟಾದ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಮುಂದೆ ಗುಂಡಿ ಇರುವ ಸಡಿಲ ಅಂಗಿ, ಜಂಪರ್ ಮಾತ್ರ.

ಮೊದಲ ಎರಡು ಮೂರು ದಿನ ಬಟ್ಟೆ ಸುತ್ತಿದ ಐಸ್ 10ರಿಂದ 15 ನಿಮಿಷ, ದಿನಕ್ಕೆ ನಾಲ್ಕೈದು ಸಲ. ಗುಳಿಗೆಯ ವಿಷಯದಲ್ಲಿ ಒಂದು ಎಚ್ಚರ. ಮೆಡಿಕಲ್ ಅಂಗಡಿಯಲ್ಲಿ ಕೊಡುವ ನೋವಿನ ಗುಳಿಗೆ ಬಹಳ ಸಲ ಅಸಿಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್ ಕೂಡಿದ್ದು. ಅದರ ಮೇಲೆ ಜ್ವರದ 650ರ ಗುಳಿಗೆಯನ್ನೂ ನುಂಗಿದರೆ ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಹೊಟ್ಟೆಗೆ ಹೋಗುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ತೂಕ ಕಡಿಮೆ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಡೈಕ್ಲೊಫೆನಾಕ್ ಜಾತಿಯ ಗುಳಿಗೆ, ಸೂಜಿಗಳು ಕಿಡ್ನಿ, ಬಿಪಿ, ಹೊಟ್ಟೆ ಹುಣ್ಣು ಇದ್ದವರಿಗೆ ಡಾಕ್ಟರು ಹೇಳದೆ ಬೇಡವೇ ಬೇಡ.

ಇನ್ನು ಆ ಹಾಳೆಯ ವ್ಯಾಯಾಮಗಳು. ಪಟ್ಟಿಯಲ್ಲಿದ್ದಾಗಲೇ, ಮೊದಲ ದಿನದಿಂದ, ಎಚ್ಚರವಿರುವ ಪ್ರತಿ ಗಂಟೆಗೆ 10 ಸಲ ಮುಷ್ಟಿ ಬಿಗಿದು ಬಿಡಿಸಿ. ದಿನಕ್ಕೆ ನಾಲ್ಕು ಸಲ ಪಟ್ಟಿ ತೆಗೆದು ಮೊಣಕೈಯನ್ನು 10 ಸಲ ಪೂರ್ತಿ ನೀಡಿ ಮಡಚಿ. ಇದು ಬಿಟ್ಟವರಿಗೆ ಬೆರಳು ಬಾತು, ಮೊಣಕೈಯೂ ಹಿಡಿದುಕೊಂಡು, ಒಂದು ತೊಂದರೆ ಮೂರಾಗುತ್ತದೆ.

ಮುಂದಿನದು ತೂಗು ವ್ಯಾಯಾಮ. ಡಾಕ್ಟರು ಒಪ್ಪಿದ ದಿನದಿಂದ, ಮುರಿತವಿದ್ದರೂ ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಶುರುವಾಗುತ್ತದೆ. ಚಲೋ ಕೈಯನ್ನು ಮೇಜಿನ ಮೇಲೆ ಊರಿ, ನಡು ಬಗ್ಗಿಸಿ, ಪೆಟ್ಟಾದ ಕೈಯನ್ನು ಜೋತುಬಿಡಿ. ಕಾಲಿಂದ ಕಾಲಿಗೆ ಭಾರ ಬದಲಿಸುತ್ತಾ ಮೈಯನ್ನು ತೂಗಿ. ಮೈ ತೂಗಿದ್ದಕ್ಕೆ ಕೈ ತಾನಾಗಿ ಓಲಾಡಬೇಕು. ಹಿಂದೆ ಮುಂದೆ 10, ಅಡ್ಡ 10, ಸಣ್ಣ ಸುತ್ತು 10, ದಿನಕ್ಕೆ ಮೂರು ನಾಲ್ಕು ಸಲ. ಇಲ್ಲಿ ತಪ್ಪುವುದು ಎಲ್ಲರೂ ಒಂದೇ ಕಡೆ: ಕೈಯನ್ನು ಜೋರಾಗಿ ತಾವೇ ಬೀಸುತ್ತಾರೆ. ಬೀಸಿದರೆ ಯಾವ ಸ್ನಾಯುವಿಗೆ ವಿಶ್ರಾಂತಿ ಬೇಕಿತ್ತೋ ಅದೇ ದುಡಿಯುತ್ತದೆ. ಸರಿಯಾಗಿ ಮಾಡುತ್ತಿದ್ದರೆ ಬೆರಳು ಸಡಿಲವಾಗಿ ನೆಲ ನೋಡುತ್ತಿರುತ್ತವೆ, ಭುಜ ಕಿವಿಯ ಕಡೆ ಏರಿರುವುದಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಸಹಾಯದ ಚಲನೆ. ಅಂಗಾತ ಮಲಗಿ ಎರಡೂ ಕೈಯಲ್ಲಿ ಛತ್ರಿ ಅಡ್ಡ ಹಿಡಿದು, ಚಲೋ ಕೈಯ ಬಲದಿಂದ ಎರಡನ್ನೂ ತಲೆಯ ಕಡೆ ಒಯ್ಯಿರಿ. ಅದೇ ಛತ್ರಿಯಿಂದ, ಮೊಣಕೈ ಪಕ್ಕೆಗೆ ತಾಗಿಸಿ 90 ಡಿಗ್ರಿ ಮಡಚಿ, ಮುಂಗೈಯನ್ನು ಹೊರಕ್ಕೆ ತಳ್ಳಿ. ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟುಕೊಂಡರೆ ಕೈ ಅಡ್ಡದಾರಿ ಹಿಡಿಯುವುದಿಲ್ಲ. ಕೀಲು ಮುಂದಕ್ಕೆ ತಪ್ಪಿದ್ದವರಿಗೆ ಈ ಹೊರತಿರುವಿನ ಮಿತಿಯನ್ನು ಫಿಸಿಯೋ ಹೇಳಬೇಕು. ಅವರು ಸುಮಾರು 6 ವಾರ ಕೈಯನ್ನು ಪಕ್ಕಕ್ಕೆ ಎತ್ತಿ ಹಿಂದಕ್ಕೆ ತಿರುಗಿಸುವ ಭಂಗಿಗೆ, ಅಂದರೆ ಚೆಂಡು ಎಸೆಯುವ ಭಂಗಿಗೆ, ಹೋಗಲೇಬಾರದು. ಆಮೇಲೆ ಗೋಡೆ ಹತ್ತುವುದು: ಗೋಡೆಗೆ ಮುಖ ಮಾಡಿ ಬೆರಳಲ್ಲೇ ಮೇಲೇರಿ, ಮುಟ್ಟಿದ ಕಡೆ ಪೆನ್ಸಿಲ್ ಗೀಟು ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ದಿನ ದಿನ ನೋಡಿದರೆ ಬೇಸರ ಬರುತ್ತದೆ, ವಾರಕ್ಕೊಂದು ಗೀಟು ಸಾಕು.

ನೋವಿನ ಅಳತೆ ಹೀಗೆ: 10ರಲ್ಲಿ 4ರಷ್ಟು ನೋವು ವ್ಯಾಯಾಮದಲ್ಲಿ ಬಂದರೆ ನಡೆಯುತ್ತದೆ, ಮರುದಿನ ಬೆಳಿಗ್ಗೆ ಅದು ಹಿಂದಿನ ದಿನದ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಎಣಿಕೆ ಅರ್ಧ ಮಾಡಿ, ಬಿಡಬೇಡಿ.

ಬಲ ತುಂಬುವುದು ಕೊನೆಯ ಹಂತ. ಮುರಿತ ಕೂಡಿದ ಮೇಲೆ, ಸ್ನಾಯು ಹೊಲಿಸಿಕೊಂಡವರಿಗೆ ಸುಮಾರು 12 ವಾರದ ಮೇಲೆ. ರಬ್ಬರ್ ಬ್ಯಾಂಡ್ ಸಿಗದಿದ್ದರೆ ಹಳೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಕಿಟಕಿಯ ಸರಳಿಗೆ ಕಟ್ಟಿಕೊಂಡು ಎಳೆಯಬಹುದು. ಸೀಳದ ಟ್ಯೂಬ್ ಬಹಳ ಗಟ್ಟಿ. 10ರಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಅರ್ಧ ಲೀಟರ್ ನೀರಿನ ಬಾಟಲಿ ಅರ್ಧ ಕಿಲೋ, ಅದೇ ಮೊದಲ ತೂಕ.

ಎಕ್ಸ್‌ರೇ ನಾರ್ಮಲ್ ಅದ ಎಂದು ನಿರಾಳವಾಗುವವರಿಗೆ ಒಂದು ಮಾತು. ಎಕ್ಸ್‌ರೇ ಎಲುಬನ್ನು ತೋರಿಸುತ್ತದೆ, ಹರಿದ ಸ್ನಾಯುವನ್ನು ತೋರಿಸುವುದಿಲ್ಲ. 40 ದಾಟಿದವರು ಬಿದ್ದು, ಎರಡು ವಾರವಾದರೂ ಕೈ ತಾನಾಗಿ ಏಳದಿದ್ದರೆ, ಬೇರೆಯವರು ಎತ್ತಿದರೆ ಮಾತ್ರ ಏಳುತ್ತಿದ್ದರೆ, ಸ್ನಾಯು ಹರಿದಿರಬಹುದು. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಆಗಬೇಕು, ತಿಂಗಳುಗಟ್ಟಲೆ ತಡವಾದರೆ ಹೊಲಿಯುವುದು ಕಷ್ಟ. ಬೀಳದೇ ನೋವು ಬಂದ ಹಿರಿಯರ ಎಂಆರ್‌ಐಯಲ್ಲಿ ಮಾತ್ರ "ಹರಿದಿದೆ" ಎಂದು ಬಂದರೆ ಎದೆ ಒಡೆದುಕೊಳ್ಳಬೇಡಿ, 60ರ ಮೇಲೆ ನೋವಿಲ್ಲದ ಎಷ್ಟೋ ಭುಜಗಳಲ್ಲೂ ಸ್ನಾಯು ಹಾಗೆ ಹರಿದದ್ದು ಕಾಣುತ್ತದೆ.

ಬೇರೆಯವರು ಎತ್ತಿದರೂ ಏಳುವುದಿಲ್ಲ, ಮುಂಗೈ ಹೊರಕ್ಕೆ ತಿರುಗುವುದೇ ಇಲ್ಲ ಎಂದಾದರೆ ಅದು ಫ್ರೋಜನ್ ಶೋಲ್ಡರ್ (ಪೊರೆ ಕುಗ್ಗಿ ಬಿಗಿದ ಭುಜ) ಇರಬಹುದು. 40ರಿಂದ 60ರ ವಯಸ್ಸಿನಲ್ಲಿ, ಹೆಂಗಸರಲ್ಲಿ, ಎಲ್ಲಕ್ಕಿಂತ ಶುಗರ್ ಇದ್ದವರಲ್ಲಿ ಹೆಚ್ಚು; ಸಣ್ಣ ಪೆಟ್ಟೇ ನೆಪವಾಗಬಹುದು. ಒಂದರಿಂದ ಮೂರು ವರ್ಷ ಹಿಡಿಯುವ ಕಾಯಿಲೆ. ಮೊದಲ ತಿಂಗಳುಗಳ ಉರಿ ನೋವಿನಲ್ಲಿ ಜಗ್ಗಿ ಜಗ್ಗಿ ಬಿಡಿಸಲು ಹೋದರೆ ಹೆಚ್ಚಾಗುತ್ತದೆ. ಆಗ ಕೀಲಿಗೆ ಕೊಡುವ ಸ್ಟೀರಾಯ್ಡ್ ಸೂಜಿ ಉಪಯೋಗಕ್ಕೆ ಬರುತ್ತದೆ, ಆದರೆ ಅದಾದ ಮೇಲೆ ಒಂದೆರಡು ವಾರದವರೆಗೂ ಶುಗರ್ ಏರಿರಬಹುದು, ದಿನವೂ ನೋಡಿಕೊಳ್ಳಬೇಕು.

ಫಿಸಿಯೋಗೆ ದುಡ್ಡಿಲ್ಲ ಅನ್ನುವವರು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನ ಮೂಳೆ ವಿಭಾಗದಲ್ಲೇ ಕೇಳಬಹುದು. ದಿನಾ ಹೋಗಬೇಕಿಲ್ಲ, ಎರಡು ಮೂರು ವಾರಕ್ಕೊಮ್ಮೆ ಹೋಗಿ ಮುಂದಿನ ಹಂತ ಕಲಿತು ಬಂದು ಮನೆಯಲ್ಲಿ ಮಾಡಿದರೂ ಕೈ ಬರುತ್ತದೆ.

ಕೆಲಸಕ್ಕೆ ಮರಳುವಾಗ ಭಾರ ನೋಡಿ, ಕೆಲಸದ ಹೆಸರು ನೋಡಬೇಡಿ. ರೊಟ್ಟಿಯಲ್ಲಿ ಬಡಿಯುವುದಕ್ಕಿಂತ ಹಿಟ್ಟು ನಾದುವುದು ಭುಜಕ್ಕೆ ಭಾರ, ಮೈಯ ತೂಕವೇ ಕೈ ಮೇಲೆ ಬರುತ್ತದೆ. ಮೊದಲು ಬೇರೆಯವರು ನಾದಿಕೊಡಲಿ, ನೀವು ನಾಲ್ಕೈದು ರೊಟ್ಟಿ ಬಡಿದು ಮರುದಿನ ನೋಡಿ. 15 ಲೀಟರ್ ಕೊಡ ಅಂದರೆ 15 ಕಿಲೋ, ಮೂರು ತಿಂಗಳ ಮೊದಲು ಬೇಡ. ಮೋಟರ್ ಸೈಕಲ್‌ನಲ್ಲಿ ಎಡಗೈಗೆ ಕ್ಲಚ್, ಬಲಗೈಗೆ ಮುಂದಿನ ಬ್ರೇಕ್. ಗುಂಡಿ ಬಂದಾಗ ಎರಡೂ ಕೈ ಹ್ಯಾಂಡಲ್ ಗಟ್ಟಿಯಾಗಿ ಹಿಡಿಯುವಂತಾದ ಮೇಲೆಯೇ ಗಾಡಿ. ತೊಗರಿ, ಹತ್ತಿಗೆ ಔಷಧಿ ಹೊಡೆಯುವ 16 ಲೀಟರಿನ ಪಂಪಿನ ಪಟ್ಟಿ ಸರಿಯಾಗಿ ಕೊರಳೆಲುಬಿನ ಮೇಲೆ ಕೂಡುತ್ತದೆ. ಅಲ್ಲಿ ಮುರಿದವರು ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಾಣುವವರೆಗೆ ಅದನ್ನು ಹೊರಬಾರದು, ಹೊರುವಾಗಲೂ ಮೊದಲು ಕಾಲು ಟ್ಯಾಂಕ್ ಮಾತ್ರ ತುಂಬಿಕೊಳ್ಳಿ. ಸ್ನಾಯು ಹೊಲಿಸಿಕೊಂಡ ಹಮಾಲರು 50 ಕಿಲೋ ಚೀಲಕ್ಕೆ ಆರು ತಿಂಗಳು ಕೈ ಹಾಕುವಂತಿಲ್ಲ. ಸೀಸನ್ ನಡುವೆ ಬಂದರೂ ಅಷ್ಟೇ.